ಮನೆಯೊಳಗಿನ ನಿಯಮ ಮಾಡುವ ಮುನ್ನ ಮನೆಯಲ್ಲಿರುವವರನ್ನು ಕೇಳಿ: ಬೆಂಗಳೂರು ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬರಬೇಕೆಂಬ ಕೂಗು ಬೆಂಗಳೂರಿನಲ್ಲಿ ಬಹಳ ಕಾಲದಿಂದ ಇದೆ. ಹಳೆಯ ಕಾಯ್ದೆ ಬಂದಾಗ ಇದು ಒಂಟಿ ಮನೆಗಳ, ವಠಾರಗಳ ಊರು. ಈಗ ಕನಕಪುರ ರಸ್ತೆ, ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಥಣಿಸಂದ್ರ ಎಲ್ಲಿ ನೋಡಿದರೂ ಒಂದೊಂದು ಗೇಟಿನೊಳಗೆ ಒಂದೊಂದು ಹಳ್ಳಿಯಷ್ಟು ಜನ. ಹೊಸ ಕಾಯ್ದೆಯ ಮಾತು ಬಂದಾಗಲೆಲ್ಲ ಚರ್ಚೆ ನಡೆಯುವುದು ಜಮೀನಿನ ಹಕ್ಕು, ಅದರಲ್ಲಿ ಪ್ರತಿ ಫ್ಲಾಟಿಗಿರುವ ಅವಿಭಜಿತ ಪಾಲು, ದೊಡ್ಡ ಖರ್ಚುಗಳಿಗೆಂದು ಕೂಡಿಡುವ ಕಾರ್ಪಸ್ ಫಂಡ್, ಬಿಲ್ಡರ್ ಬಿಟ್ಟುಹೋದ ಕೆಲಸಗಳ ಬಗ್ಗೆ. ಅವೆಲ್ಲ ಬೇಕು, ತಕರಾರಿಲ್ಲ. ಆದರೆ ಗೇಟಿನೊಳಗೆ ನಾವು ದಿನಾ ಹೇಗೆ ಬದುಕಬೇಕೆಂಬ ನಿಯಮಗಳನ್ನು ಯಾರು ಮಾಡಬೇಕು, ಯಾರನ್ನು ಕೇಳಿ ಮಾಡಬೇಕು ಎಂಬುದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅದನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ. ನಾನು ಕನಕಪುರ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಫ್ಲಾಟಿನಲ್ಲಿರುವ ನಿವಾಸಿ. ಅಂದರೆ ನಮ್ಮ ಮಾಲೀಕರ ಸಂಘದಲ್ಲಿ ನನಗೆ ಮತವಿದೆ. ಮತವಿಲ್ಲದವರ ಪರವಾಗಿಯೂ ಬರೆಯುತ್ತಿದ್ದೇನೆ.

ಒಂದು ಮಳೆಗಾಲದಲ್ಲಿ ನಮ್ಮಲ್ಲಿ ಒಂದು ಸರ್ಕ್ಯುಲರ್ ಬಂತು. ಬಾಲ್ಕನಿಯ ಕಂಬಿಯ ಮೇಲೆ ಬಟ್ಟೆ ಒಣಹಾಕುವಂತಿಲ್ಲ, ಹಾಕಿದರೆ 500 ರೂಪಾಯಿ ದಂಡ, ಬರುವ ಸೋಮವಾರದಿಂದಲೇ ಜಾರಿ. ಕಾರಣ ಅಂತ ಇದ್ದದ್ದು ಒಂದೇ ಸಾಲು: ಕಟ್ಟಡದ ಅಂದ ಕೆಡುತ್ತದೆ. ಮೂರು ಬೆಡ್‌ರೂಮಿನ ಮನೆಗಳಿಗೆ ಅಡುಗೆಮನೆಯ ಹಿಂದೆ ಬಟ್ಟೆ ಒಗೆದು ಒಣಹಾಕುವ ಯುಟಿಲಿಟಿ ಜಾಗ ಇದೆ, ಅವರಿಗೆ ತೊಂದರೆಯಾಗಲಿಲ್ಲ. ಹಿಂದಿನ ಬ್ಲಾಕಿನ ಸಣ್ಣ ಫ್ಲಾಟುಗಳಿಗೆ ಅದಿಲ್ಲ. ಇರುವುದೊಂದು ಬಾಲ್ಕನಿ, ಅದೂ ಉತ್ತರಕ್ಕೆ. ಕಂಬಿಯವರೆಗೆ ತಂದು ಹರವಿದರೆ ಮಾತ್ರ ಒಂದಿಷ್ಟು ಗಾಳಿ ಬಿಸಿಲು ತಾಗುತ್ತದೆ. ಆ ಬ್ಲಾಕಿನಲ್ಲಿ ಆಗ ಒಂದು ಬಾಣಂತಿ ಮನೆ ಇತ್ತು. ಕೂಸಿನ ಬಟ್ಟೆಗಳನ್ನೆಲ್ಲ ನಡುಮನೆಯಲ್ಲಿ ಕುರ್ಚಿಗಳ ಬೆನ್ನಿಗೆ ಹಾಕಿ, ಹಗಲೂ ರಾತ್ರಿ ಫ್ಯಾನ್ ತಿರುಗಿಸಿ ಒಣಗಿಸುತ್ತಿದ್ದರು. ಒಳಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಕೂಸಿನ ಅಜ್ಜಿ ನನ್ನನ್ನು ಕೇಳಿದರು: "ನಮ್ಮನ್ನ ಒಂದ್ ಮಾತು ಕೇಳಬಾರದಿತ್ತಾ?"

ಆ ಸರ್ಕ್ಯುಲರ್ ಹೊರಡಿಸಿದ ನಮ್ಮ ಸಂಘದ ಆಡಳಿತ ಕಮಿಟಿಯವರು ಕೆಟ್ಟವರಲ್ಲ. ಬಿಡಿಗಾಸೂ ತೆಗೆದುಕೊಳ್ಳದೆ, ನಡುರಾತ್ರಿ ಪಂಪ್ ಕೆಟ್ಟರೂ ಎದ್ದು ಬರುವ ಜನ. ಆದರೆ ಅವರೆಲ್ಲರ ಮನೆಗೂ ಯುಟಿಲಿಟಿ ಇತ್ತು. ಬಟ್ಟೆ ಒಣಗಿಸುವ ಕಷ್ಟ ಅವರಿಗೆ ಹೊಳೆಯಲಿಲ್ಲ, ಕಷ್ಟ ಗೊತ್ತಿದ್ದವರನ್ನು ಅವರು ಕೇಳಲಿಲ್ಲ. ದಂಡ, ಜಗಳ, ಮುನಿಸು ಎಲ್ಲ ಆದ ಮೇಲೆ ಟೆರೇಸಿನ ಬೀಗ ತೆಗೆದು ಅಲ್ಲಿ ತಂತಿ ಕಟ್ಟಿಸಿದರು. ಮೊದಲೇ ವಿಚಾರಿಸಿದ್ದರೆ ಇದೇ ಪರಿಹಾರ ಒಂದು ಸಂಜೆಯಲ್ಲಿ ಸಿಗುತ್ತಿತ್ತು.

ಇಂಥದ್ದಕ್ಕೆ ಕಾಯ್ದೆಯಲ್ಲೇ ಒಂದು ಕಿಂಡಿ ಇದೆ. 1972ರ ಕಾಯ್ದೆ ಬೈಲಾಗಳಿಗೆ, ಅಂದರೆ ಸಂಘದ ಮೂಲ ನಿಯಮಗಳಿಗೆ, ಒಂದಷ್ಟು ಕಾವಲು ಹಾಕಿದೆ. ಬೈಲಾ ತಿದ್ದಬೇಕಾದರೆ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಡಿಕ್ಲರೇಷನ್ ಎಂಬ ಪತ್ರವನ್ನೇ ತಿದ್ದಿ ದಾಖಲಿಸಬೇಕು, ಇಲ್ಲದಿದ್ದರೆ ಆ ತಿದ್ದುಪಡಿಗೆ ಬೆಲೆಯಿಲ್ಲ. ಒಳ್ಳೆಯದೇ. ಆದರೆ ನಮ್ಮನ್ನು ದಿನಾ ಆಳುವುದು ಬೈಲಾ ಅಲ್ಲ, ಸರ್ಕ್ಯುಲರ್. ಮಕ್ಕಳು ಎಷ್ಟು ಹೊತ್ತಿಗೆ ಆಡಬೇಕು, ಊರಿನಿಂದ ಬಂದ ನೆಂಟರ ಗಾಡಿ ಎಲ್ಲಿ ನಿಲ್ಲಬೇಕು, ಹೂವಿನವಳು ಬಾಗಿಲವರೆಗೆ ಬರಬಹುದೇ, ಒಂಟಿ ಹುಡುಗ ಹುಡುಗಿಯರಿಗೆ ಮನೆ ಬಾಡಿಗೆಗೆ ಕೊಡಬಹುದೇ, ಎಲ್ಲವೂ 'ಹೌಸ್ ರೂಲ್ಸ್' ಎಂಬ ಹೆಸರಿನಲ್ಲಿ ಒಂದು ಪುಟದಲ್ಲಿ ಬಂದುಬಿಡುತ್ತವೆ. ಅವಕ್ಕೆ ದಾಖಲೆ ಬೇಡ, ಮುಂಚಿತ ನೋಟಿಸ್ ಬೇಡ, ಕಾರಣವೂ ಬೇಡ. ಬೈಲಾ ಮುಟ್ಟದೆಯೇ ಬದುಕನ್ನೆಲ್ಲ ತಿದ್ದಬಹುದು.

ಜನರಲ್ ಬಾಡಿ ಮೀಟಿಂಗ್ ಇದೆಯಲ್ಲ ಎನ್ನಬಹುದು. ನಮ್ಮಲ್ಲಿ ಅದು ನಡೆಯುವ ಬಗೆ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆಯುತ್ತಾರೆ. ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡುತ್ತಾರೆ. ಆಮೇಲೆ ಬಂದವರೇ ಕೋರಂ. ಲೆಕ್ಕಪತ್ರ, ಲಿಫ್ಟಿನ ವಾರ್ಷಿಕ ನಿರ್ವಹಣೆ ಗುತ್ತಿಗೆ, ಸೋರುವ ಬೇಸ್‌ಮೆಂಟ್ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಜನ ಎದ್ದು ಹೋಗಿರುತ್ತಾರೆ. ಕೊನೆಗೆ 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯ' ಬರುತ್ತದೆ, ಹೊಸ ನಿಯಮಗಳು ಹುಟ್ಟುವುದು ಅಲ್ಲಿ. ಮಾದರಿ ಬೈಲಾದ ಪ್ರಕಾರ ಮತವೂ ತಲೆಗೊಂದಲ್ಲ, ಫ್ಲಾಟಿಗೆ ನಿಗದಿಯಾದ ಶೇಕಡಾವಾರು ಪಾಲಿನ ಮೇಲೆ. ದೊಡ್ಡ ಮನೆಗೆ ದೊಡ್ಡ ಮತ. ಆಸ್ತಿಯ ವಿಷಯಕ್ಕೆ ಅದು ನ್ಯಾಯವೇ ಇರಬಹುದು. ಮಕ್ಕಳ ಆಟದ ಹೊತ್ತನ್ನು ತೀರ್ಮಾನಿಸುವಾಗ ಚದರಡಿಯ ಲೆಕ್ಕ ಯಾಕೆ?

ಬಾಡಿಗೆದಾರರಿಗಂತೂ ಆ ಬಾಗಿಲೇ ಮುಚ್ಚಿದೆ. ಫ್ಲಾಟ್ ಕೊಂಡು ಬಾಡಿಗೆಗೆ ಕೊಟ್ಟು ಬೇರೆ ದೇಶದಲ್ಲಿರುವ ಮಾಲೀಕರಿಗೆ ಮತವಿದೆ. ಇಲ್ಲೇ ವರ್ಷಗಟ್ಟಲೆ ಇದ್ದು, ಮೇಂಟೆನೆನ್ಸ್ ತುಂಬಿ, ಗಣೇಶನ ಹಬ್ಬಕ್ಕೆ ಪೆಂಡಾಲ್ ಕಟ್ಟುವವರಿಗೆ ಮಾತಿಲ್ಲ. ಮನೆ ಬದಲಿಸುವಾಗ ಸಾಮಾನು ಸಾಗಿಸುವ ಶುಲ್ಕ, ಈಜುಕೊಳದ ಮೇಲೆ ನಿರ್ಬಂಧ, ರಾತ್ರಿ ಬರುವ ನೆಂಟರ ಹೆಸರು ಬರೆಸುವ ಪುಸ್ತಕ, ಎಲ್ಲ ಹೊರೆಯೂ ಅವರ ತಲೆಗೇ. ವಠಾರದ ಕಾಲದಲ್ಲೂ ನಲ್ಲಿಯ ಸರದಿ ಹೇಳುತ್ತಿದ್ದವರು ಮಾಲೀಕರೇ, ಅದನ್ನು ದೊಡ್ಡ ಪ್ರಜಾಪ್ರಭುತ್ವ ಎಂದು ನಾನು ಹೊಗಳುವುದಿಲ್ಲ. ಆದರೆ ಆ ಮಾಲೀಕರು ಅದೇ ಅಂಗಳದಲ್ಲಿರುತ್ತಿದ್ದರು, ಮುಖಕ್ಕೆ ಮುಖ ಕೊಟ್ಟು ಕೇಳಬಹುದಿತ್ತು. ಈಗ ಆ್ಯಪಿನಲ್ಲಿ ದೂರು ಹಾಕಿದರೆ 'ಕ್ಲೋಸ್ಡ್' ಎಂದು ಬರುತ್ತದೆ. ಯಾರು ಮುಚ್ಚಿದರು, ಯಾಕೆ ಮುಚ್ಚಿದರು ಎಂದು ಹೇಳುವವರಿಲ್ಲ.

ಕೇಳಿ ಮಾಡಿದರೆ ಏನಾಗುತ್ತದೆಂಬುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. 2024ರ ಬೇಸಿಗೆ ತಮಗೆ ನೆನಪಿರುತ್ತದೆ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಕೇಳಿದಷ್ಟು ದುಡ್ಡು ಕೊಡಬೇಕಾಗಿ ಬಂದು, ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ನಮ್ಮ ಕಮಿಟಿ ಆಗ ಎಂದೂ ಮಾಡದ ಕೆಲಸ ಮಾಡಿತು. ಮಾಲೀಕರು, ಬಾಡಿಗೆದಾರರು, ಅಡುಗೆಯವರು, ಹೌಸ್‌ಕೀಪಿಂಗ್‌ನವರು, ಸೆಕ್ಯೂರಿಟಿಯವರು ಎಲ್ಲರನ್ನೂ ಬೇಸ್‌ಮೆಂಟಿಗೆ ಕರೆದು, ಸಂಪಿನ ಮುಚ್ಚಳ ತೆಗೆದು ನೀರಿನ ಮಟ್ಟ ತೋರಿಸಿತು. ಇಷ್ಟೇ ಇದೆ, ಏನು ಮಾಡೋಣ ಹೇಳಿ ಎಂದಿತು. ಕಾರಿಡಾರ್ ಒರೆಸುವ ಹೆಂಗಸೊಬ್ಬರು, ದಿನಾ ಎಲ್ಲ ಮಹಡಿ ಒರೆಸುವುದು ಬೇಡ, ದಿನ ಬಿಟ್ಟು ದಿನ ಸಾಕು, ಕಸದ ಡ್ರಮ್ಮು ತೊಳೆಯಲು ಎಸ್‌ಟಿಪಿಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರೇ ಆಗುತ್ತದೆ ಎಂದರು. ತರಕಾರಿ ತೊಳೆಯಲು ನಲ್ಲಿ ತಿರುಗಿಸಿಬಿಡುವ ಬದಲು ಬೇಸಿನ್ ಇಡಿ, ಆ ನೀರು ಗಿಡಕ್ಕೆ ಹೋಗಲಿ ಎಂದು ಅಡುಗೆಯವರೊಬ್ಬರು ಹೇಳಿದರು. ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿದ ಬಾಟಲಿ ಇಡುವ ಉಪಾಯ ಕೊಟ್ಟದ್ದು ಬಾಡಿಗೆಗಿದ್ದ ಹುಡುಗ. ನಲ್ಲಿಗಳಿಗೆ ನೀರಿನ ಹರಿವು ಕಡಿಮೆ ಮಾಡುವ ಏರೇಟರ್ ಹಾಕಿಸಲು ಎಲ್ಲರೂ ಒಪ್ಪಿದರು. ಆ ಬೇಸಿಗೆಯ ನಿಯಮಗಳು ಬಟ್ಟೆಯ ನಿಯಮಕ್ಕಿಂತ ಎಷ್ಟೋ ಕಠಿಣವಾಗಿದ್ದವು. ಯಾರಿಗೂ ದಂಡ ಹಾಕಬೇಕಾಗಲಿಲ್ಲ.

ಹಾಗೆಂದು ನಿಯಮವೇ ಬೇಡ ಎನ್ನುವವಳಲ್ಲ ನಾನು. ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್, ಸೈಕಲ್ಲು, ಹಳೆಯ ಬೀರು ಇಡಬಾರದೆಂಬುದು ಸರಿಯಾದ ನಿಯಮ. ಬೆಂಕಿ ಬಿದ್ದು ಹೊಗೆ ತುಂಬಿದಾಗ ಆ ದಾರಿಯೊಂದೇ ಜನರನ್ನು ಉಳಿಸುವುದು. ಕಸ ಬೇರ್ಪಡಿಸಲೇಬೇಕು. ರಾತ್ರಿ ಡ್ರಿಲ್ಲಿಂಗ್ ನಿಲ್ಲಲೇಬೇಕು. ಸುರಕ್ಷತೆಯ ನಿಯಮಕ್ಕೂ ಕೆಲವರ ಅಭಿರುಚಿಯ ನಿಯಮಕ್ಕೂ ಇರುವ ವ್ಯತ್ಯಾಸವನ್ನು ಕಾಯ್ದೆ ಗುರುತಿಸಬೇಕು ಎನ್ನುವುದಷ್ಟೇ ನನ್ನ ಮಾತು.

ಇನ್ನು ಕೆಲವನ್ನು ಎಷ್ಟೇ ಬಹುಮತವಿದ್ದರೂ ಮಾಡಲು ಬಿಡಬಾರದು. 'ಮನೆಗೆಲಸದವರು ಈ ಲಿಫ್ಟ್ ಬಳಸುವಂತಿಲ್ಲ' ಎಂಬ ಫಲಕ ಈ ಊರಿನಲ್ಲಿ ನಾನು ಓದಿದ್ದೇನೆ. ನಮ್ಮ ತಟ್ಟೆ ತೊಳೆಯುವ, ನಮ್ಮ ಮಕ್ಕಳಿಗೆ ತುತ್ತಿಡುವ ಕೈ ಲಿಫ್ಟಿನ ಗುಂಡಿ ಮುಟ್ಟಿದರೆ ಮೈಲಿಗೆಯೇ? ಎರಡು ಮನೆಗಳ ಕೆಲಸದ ನಡುವೆ ಪಾರ್ಕಿನ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದವರನ್ನು ಎಬ್ಬಿಸಿ ಕಳಿಸುವುದು ಯಾವ ಶಿಸ್ತು? ಇದಕ್ಕೆ ಸಭೆಯೂ ಬೇಡ, ಮತವೂ ಬೇಡ. ಕಾಯ್ದೆಯಲ್ಲೇ ನಿಷೇಧವಾಗಬೇಕು. ಜಾತಿ, ಧರ್ಮ, ಊಟ, ಭಾಷೆ, ಮದುವೆಯಾಗಿದೆಯೋ ಇಲ್ಲವೋ ಎಂದು ನೋಡಿ ಬಾಡಿಗೆದಾರರನ್ನು ತಡೆಯುವ ಸರ್ಕ್ಯುಲರ್‌ಗಳಿಗೂ ಇದೇ ಗತಿಯಾಗಬೇಕು.

ನಿಯಮ ಅನ್ಯಾಯ ಎನಿಸಿದರೆ ಎಲ್ಲಿಗೆ ಹೋಗಬೇಕು? ನಮ್ಮ ಸಂಘಗಳು ಮೂರು ಕಾಯ್ದೆಗಳಲ್ಲಿ ಹಂಚಿಹೋಗಿವೆ: 1972ರದ್ದು, 1960ರ ಸಂಘಗಳ ನೋಂದಣಿ ಕಾಯ್ದೆ, 1959ರ ಸಹಕಾರ ಸಂಘಗಳ ಕಾಯ್ದೆ. ಸಹಕಾರ ಸಂಘವಾದರೆ 70ನೇ ಕಲಮಿನಡಿ ರಿಜಿಸ್ಟ್ರಾರರ ಮುಂದೆ ವ್ಯಾಜ್ಯ ಒಯ್ಯಬಹುದು. 1972ರ ಕಾಯ್ದೆಯ ಸಂಘವಾದರೆ ಸಿವಿಲ್ ಕೋರ್ಟು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಿಲ್ಡರ್‌ನಿಂದ ನಮ್ಮನ್ನು ಕಾಯಲು ಬಂದದ್ದು, ನೆರೆಹೊರೆಯ ಜಗಳಕ್ಕಲ್ಲ. 500 ರೂಪಾಯಿ ದಂಡದ ವಿರುದ್ಧ ಯಾರು ವಕೀಲರನ್ನಿಟ್ಟು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ? ಮೊದಲಾದರೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದೆವು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅದೂ ಇಲ್ಲದೆ ಕಳೆದೆವು. ಇದು ಗೊತ್ತಿರುವುದರಿಂದಲೇ ಕೆಲವು ಕಮಿಟಿಗಳು ದಂಡ ಕಟ್ಟದವರ ನೀರು ನಿಲ್ಲಿಸುವ, ಜನರೇಟರ್ ಲೈನ್ ಕತ್ತರಿಸುವ ಮಟ್ಟಕ್ಕೆ ಹೋಗುತ್ತವೆ.

ಎಲ್ಲರನ್ನೂ ಕೇಳುತ್ತ ಕೂತರೆ ಕೆಲಸ ಸಾಗುವುದಿಲ್ಲ ಎಂದು ಕಮಿಟಿಗಳವರು ತಮಗೆ ಹೇಳಬಹುದು. ಆ ಆತಂಕ ಸುಳ್ಳಲ್ಲ. ಪೈಪ್ ಒಡೆದಾಗ, ಲಿಫ್ಟ್ ನಿಂತಾಗ ಸಮಾಲೋಚನೆ ಮಾಡಿ ಎನ್ನುವುದಿಲ್ಲ. ತುರ್ತು ನಿಯಮವನ್ನು ಕಮಿಟಿ ಕೂಡಲೇ ಮಾಡಲಿ, ಮೂವತ್ತು ದಿನಕ್ಕೆ ಅದು ತಾನಾಗಿ ಬಿದ್ದುಹೋಗಲಿ. ಉಳಿದ ನಿಯಮಗಳ ಕರಡನ್ನು ಕಾರಣ ಸಮೇತ ಗೇಟಿನಲ್ಲಿ, ಲಿಫ್ಟಿನಲ್ಲಿ ಮೂರು ವಾರವಾದರೂ ಹಾಕಬೇಕು. ಅಲ್ಲಿ ವಾಸಿಸುವ, ಅಲ್ಲಿ ದುಡಿಯುವ ಯಾರೇ ಆಗಲಿ ಆಕ್ಷೇಪ ಹೇಳಬಹುದು ಎಂದಿರಬೇಕು, ಬಂದ ಆಕ್ಷೇಪಕ್ಕೆ ಕಮಿಟಿ ಬರಹದಲ್ಲಿ ಉತ್ತರ ಕೊಡಬೇಕು. ಆಸ್ತಿ ಮತ್ತು ಹಣದ ವಿಷಯದಲ್ಲಿ ಮತ ಮಾಲೀಕರಿಗೇ ಇರಲಿ. ದಿನನಿತ್ಯದ ನಿಯಮಗಳಿಗೆ ಬಾಡಿಗೆದಾರರೂ ಸೇರಿ ಮನೆಗೊಂದು ಮತವಿರಲಿ. ದಂಡಕ್ಕೆ ಮೇಲ್ಮಿತಿ ಬೇಕು. ನೀರು, ಕರೆಂಟು, ಲಿಫ್ಟು, ಗೇಟಿನ ಪ್ರವೇಶ ಇವನ್ನು ಶಿಕ್ಷೆಯಾಗಿ ಬಳಸಿದರೆ ಅಪರಾಧವಾಗಬೇಕು. ಈಗಿರುವ ಐದು ಪಾಲಿಕೆಗಳಲ್ಲಿ ಒಂದೊಂದರಲ್ಲೂ ಇಂಥ ದೂರು ಕೇಳಲು ಒಬ್ಬ ಅಧಿಕಾರಿ ಇದ್ದು, ವಕೀಲರಿಲ್ಲದೆ ಬಂದವರ ಮಾತು ಕೇಳಿ ಎರಡು ತಿಂಗಳೊಳಗೆ ಇತ್ಯರ್ಥ ಮಾಡುವಂತಾಗಬೇಕು.

ಗೇಟು ಹಾಕಿಕೊಂಡ ಲೇಔಟುಗಳ ಬಗ್ಗೆಯೂ ಒಂದು ಮಾತು. ರಸ್ತೆ, ಪಾರ್ಕುಗಳನ್ನು ಬಿಡಿಎಯಂಥ ಯೋಜನಾ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಅವು ಸಾರ್ವಜನಿಕ. ಆ ರಸ್ತೆಯಲ್ಲಿ ಸೊಪ್ಪಿನ ಗಾಡಿ ಬರಬಾರದೆಂದು ಹೇಳಲು ಯಾವ ನಿವಾಸಿಗಳ ಸಂಘಕ್ಕೂ ಅಧಿಕಾರವಿಲ್ಲ. ಬಡಾವಣೆಯ ರೀತಿನೀತಿ ಚರ್ಚಿಸಲು ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಎಂಬ ಜಾಗ ಕೊಟ್ಟಿದೆ. ಆ ಸಮಿತಿಗಳು ತಿಂಗಳು ತಿಂಗಳು ಸೇರುವಂತೆ ತಾವು ನೋಡಿಕೊಂಡರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಕೊನೆಯ ಕೋರಿಕೆ ಭಾಷೆಯದು. ನಮ್ಮ ನೋಟಿಸ್ ಬೋರ್ಡಿನಲ್ಲಿ ಇರುವುದೆಲ್ಲ ಇಂಗ್ಲಿಷ್. ಪಾಲಿಸಬೇಕಾದ ಅರ್ಧ ಜನಕ್ಕೆ ಅದು ಓದಲು ಬರುವುದಿಲ್ಲ. ಸೆಕ್ಯೂರಿಟಿಯವರು ಬಾಯಿಮಾತಿನಲ್ಲಿ ಹೇಳಿದ್ದೇ ನಿಯಮ. ಹೊಸ ಕಾಯ್ದೆಯ ಜೊತೆ ಸರ್ಕಾರವೇ ಸರಳ ಕನ್ನಡದಲ್ಲಿ ಒಂದು ಮಾದರಿ ಬೈಲಾ ಕೊಡಲಿ, ಪ್ರತಿ ನಿಯಮವೂ ಕನ್ನಡದಲ್ಲಿರುವುದು ಕಡ್ಡಾಯವಾಗಲಿ, ಜೊತೆಗೆ ಅಲ್ಲಿನ ಜನಕ್ಕೆ ಬೇಕಾದ ಇತರ ಭಾಷೆಗಳೂ ಇರಲಿ.

ಈ ಕಾಯ್ದೆಯ ಬಗ್ಗೆ ತಾವು ಸಾರ್ವಜನಿಕ ಸಭೆ ಕರೆದಾಗ ಸಂಘಗಳ ಪದಾಧಿಕಾರಿಗಳ ಜೊತೆ ಬಾಡಿಗೆದಾರರನ್ನೂ, ಮನೆಗೆಲಸದವರ ಮತ್ತು ಸೆಕ್ಯೂರಿಟಿಯವರ ಸಂಘಟನೆಗಳನ್ನೂ ಕರೆಯಿರಿ. ಭಾನುವಾರ ಮಧ್ಯಾಹ್ನ ಮೂರರ ನಂತರ ಇಟ್ಟರೆ ಕೆಲಸದ ಹೆಂಗಸರು ಬರಬಲ್ಲರು. ಬೆಳಿಗ್ಗೆ ಇಟ್ಟರೆ ಅವರು ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಇಮೇಲ್‌ನಲ್ಲಿ ಬಂದ ಅಭಿಪ್ರಾಯಗಳಷ್ಟೇ ಅಲ್ಲದೆ ಕೈಬರಹದ ಅರ್ಜಿಗಳನ್ನೂ ವಾರ್ಡ್ ಕಚೇರಿಗಳಲ್ಲಿ ತೆಗೆದುಕೊಂಡು ಸ್ವೀಕೃತಿ ಕೊಡುವಂತೆ ಆದೇಶಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರ ನಿವಾಸಿ