ತಪ್ಪಿನ ಪುಸ್ತಕ ಬರೆದವರಿಗೆ ನಮ್ಮ ವಂದನೆ

ಎಲ್‌ಸ್ಯಾಟ್ (ಅಮೆರಿಕ, ಕೆನಡಾದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ) ತಯಾರಿಯ ಈ ಸುತ್ತು ಮುಗಿಯಿತು. ಅಂಕ ಬರುವ ಮೊದಲೇ ಥ್ಯಾಂಕ್ಸ್ ಹೇಳಿಬಿಡುತ್ತೇವೆ. ಅಂಕ ಬಂದಮೇಲೆ ಯಾರನ್ನು ನೆನೆಯಬೇಕು ಅನ್ನುವುದೂ ಅಂಕ ನೋಡಿಕೊಂಡೇ ಬದಲಾಗುತ್ತದೆ.

ಮೊದಲ ವಂದನೆ, ಶುರುವಿನ ವಾರಗಳಲ್ಲಿ ಗಡಿಯಾರ ಎತ್ತಿಡಿಸಿದವರಿಗೆ. ರೀಡಿಂಗ್ ವಿಭಾಗಕ್ಕೆ 35 ನಿಮಿಷ, ನಾಲ್ಕು ಗದ್ಯಭಾಗ, ಸುಮಾರು 27 ಪ್ರಶ್ನೆ. ಅಂದರೆ ಒಂದು ಗದ್ಯಭಾಗಕ್ಕೆ 8 ನಿಮಿಷ 45 ಸೆಕೆಂಡು. ಈ ಲೆಕ್ಕ ಕಂಡೊಡನೆ ಎಲ್ಲರೂ ಓಡುವುದು ವೇಗದ ಹಿಂದೆ. ಓದುವಾಗ ಉಳಿಸಿದ ಒಂದು ನಿಮಿಷ, ಪ್ರಶ್ನೆ ಪ್ರಶ್ನೆಗೂ ವಾಪಸ್ ಬಂದು ಹುಡುಕುವಾಗ ಮೂರಾಗಿ ಹೋಗುತ್ತದೆ. ಪ್ಯಾರಾ ಮುಗಿದಾಗೆಲ್ಲ ಕಣ್ಣೆತ್ತಿ, ಅದು ಏನು ಹೇಳಿತು ಅನ್ನುವುದಕ್ಕಿಂತ ಏನು ಮಾಡಿತು ಎಂದು ಐದಾರು ಪದದಲ್ಲಿ ಹೇಳಿಕೊಳ್ಳುವ ಅಭ್ಯಾಸ ಹಿಡಿಸಿದವರು ಇವರೇ. ‘ಹಳೇ ವಾದ, ಲೇಖಕರಿಗೆ ಅರ್ಧ ಒಪ್ಪಿಗೆ’ ಅಂದುಕೊಂಡರೆ ಸಾಕು. ಓದಿಗೆ ಮೂರು, ಮೂರೂವರೆ ನಿಮಿಷ ಹೋದರೂ ಪ್ರಶ್ನೆಗಳಿಗೆ ಐದು ನಿಮಿಷ ಉಳಿಯುತ್ತದೆ.

ಎರಡನೆಯದು, ಆಯ್ಕೆಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ತೋರಿಸಿದವರಿಗೆ. ಅವರ ರೀತಿಯನ್ನು ಕನ್ನಡದಲ್ಲೇ ಹೇಳುವುದಾದರೆ, ಗದ್ಯದಲ್ಲಿ ಹೀಗಿದೆ ಅಂದುಕೊಳ್ಳಿ: ‘ಜೇನುಗೂಡಿನ ಬಿಸಿ ಇಳಿಯಲು ನೊಣಗಳು ರೆಕ್ಕೆ ಬೀಸುವುದೂ ಒಂದು ಕಾರಣವಿರಬಹುದು.’ ಆಯ್ಕೆ ಹೀಗಿದೆ: ‘ರೆಕ್ಕೆ ಬೀಸುವುದರಿಂದಲೇ ಗೂಡಿನ ಬಿಸಿ ಇಳಿಯುತ್ತದೆ.’ ಜೇನು, ರೆಕ್ಕೆ, ಬಿಸಿ ಎಲ್ಲವೂ ನೆಂಟರ ಹಾಗೆ ಪರಿಚಿತವಾಗಿವೆ. ಆದರೆ ‘ಊ’ ಇದ್ದಲ್ಲಿ ‘ಏ’ ಬಂದಿದೆ, ‘ಬಹುದು’ ಮಾಯವಾಗಿದೆ. ಇಂಗ್ಲಿಷಿನಲ್ಲಿ ಇದೇ ಕಳ್ಳತನ ‘ಮೇ’, ‘ಸಮ್’ ಇದ್ದಲ್ಲಿ ‘ಮಸ್ಟ್’, ‘ಆಲ್’, ‘ಓನ್ಲಿ’ ತಂದಿಟ್ಟು ನಡೆಯುತ್ತದೆ. ಗದ್ಯದ ಪದಗಳೇ ಆಯ್ಕೆಯಲ್ಲಿ ಕಂಡರೆ ಅದಕ್ಕೆ ಇನ್ನಷ್ಟು ಅನುಮಾನ ಪಡಿ ಅನ್ನುತ್ತಿದ್ದರು. ಸರಿಯುತ್ತರ ಬಹಳ ಸಲ ಬೇರೆ ಬಟ್ಟೆ ತೊಟ್ಟು ಬರುತ್ತದೆ. ಇನ್ನೊಂದು ಬಲೆ, ಲೋಕದಲ್ಲಿ ನಿಜವಾದರೂ ಗದ್ಯದಲ್ಲಿ ಇಲ್ಲದ ಮಾತು. ವಿಷಯ ಗೊತ್ತಿಲ್ಲದವರಿಗಿಂತ ಅರೆಬರೆ ಗೊತ್ತಿದ್ದವರೇ ಇದರಲ್ಲಿ ಬೀಳುವುದು ಹೆಚ್ಚು.

ದೊಡ್ಡ ಋಣ ಮಾತ್ರ ತಪ್ಪಿನ ಪುಸ್ತಕ ಬರೆದವರದು. ಒಂದು ತಪ್ಪಿಗೆ ನಾಲ್ಕು ಕಾಲಂ: ಪ್ರಶ್ನೆಯ ಬಗೆ, ಆರಿಸಿದ ಉತ್ತರ, ಅದರಲ್ಲಿ ಮರುಳು ಮಾಡಿದ ಪದ, ಸರಿಯುತ್ತರಕ್ಕೆ ಆಧಾರವಾದ ಸಾಲು. ‘ಗಡಿಬಿಡಿ’, ‘ಸಿಲ್ಲಿ ಮಿಸ್ಟೇಕ್’ ಅನ್ನುವ ಕಾರಣ ಬರೆಯುವ ಹಾಗಿರಲಿಲ್ಲ. ಕೀ ಉತ್ತರ ನೋಡುವ ಮೊದಲು, ಅನುಮಾನವಿದ್ದ ಪ್ರಶ್ನೆಗಳನ್ನು ಸಮಯದ ಮಿತಿಯಿಲ್ಲದೆ ಇನ್ನೊಮ್ಮೆ ಮಾಡಬೇಕಿತ್ತು. ಎರಡನೇ ಸಲ ಸರಿಯಾದರೆ ತೊಂದರೆ ಸಮಯದ್ದು, ಆಗಲೂ ತಪ್ಪಿದರೆ ಅರ್ಥವೇ ಆಗಿಲ್ಲ. ಎರಡಕ್ಕೂ ಒಂದೇ ಔಷಧಿ ಕೊಟ್ಟು ‘ಇನ್ನೂ ಹತ್ತು ಗದ್ಯ ಮಾಡು’ ಅನ್ನುವುದು ನಮ್ಮ ಮಟ್ಟಿಗೆ ಬರೀ ಶಿಕ್ಷೆ.

ಜೋಡಿ ಗದ್ಯವನ್ನು ಹೇಳಿಕೊಟ್ಟವರನ್ನು ಮರೆಯುವಂತಿಲ್ಲ. 2007ರ ಜೂನ್‌ನಿಂದ ನಾಲ್ಕರಲ್ಲಿ ಒಂದು ಹೀಗೆ ಒಂದೇ ವಿಷಯದ ಎರಡು ತುಂಡಾಗಿ, ‘ಎ’, ‘ಬಿ’ ಎಂದು ಬರುತ್ತದೆ. ‘ಎ’ ಹೇಳಿದ್ದನ್ನು ‘ಬಿ’ ತಲೆಗೆ ಕಟ್ಟುವ ಆಯ್ಕೆ ಇರುವುದೇ ಹೆಚ್ಚು. ಇಬ್ಬರು ಲೇಖಕರು ಎಲ್ಲಿ ಕೂಡುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಎಂದು ಒಂದು ಸಾಲು ಗೀಚಿಕೊಂಡರೆ ಅರ್ಧ ಕೆಲಸ ಆಯಿತು.

ಹಳೇ ಪ್ರಶ್ನೆಪತ್ರಿಕೆಗಳನ್ನು ಒಂದೇ ಉಸಿರಿಗೆ ಮುಗಿಸದಂತೆ ತಡೆದವರಿಗೂ ಥ್ಯಾಂಕ್ಸ್. ತೀರಾ ಹಳೆಯವನ್ನು ಬಿಡಿ ಗದ್ಯವಾಗಿ ಬಳಸಿ, ಹೊಸವನ್ನು ಕೊನೆಯ ತಿಂಗಳಿಗೆ ಇಡಿಸಿದ್ದು ಒಳ್ಳೆಯದೇ ಆಯಿತು. ಸ್ಕ್ರೀನ್ ಮೇಲೆ ‘ಬಟ್’, ‘ಹೌಎವರ್’ನಂಥ ತಿರುವಿನ ಪದಗಳಿಗಷ್ಟೇ ಬಣ್ಣ ಬಳಿಸಿದವರಿಗೂ. ಗದ್ಯವೆಲ್ಲ ಹಳದಿಯಾದರೆ ಬಣ್ಣ ಯಾಕೆ ಬೇಕು? ತಪ್ಪಿಗೆ ಅಂಕ ಕಳೆಯುವುದಿಲ್ಲ, ಕೊನೆಯ ಅರ್ಧ ನಿಮಿಷದಲ್ಲಿ ಖಾಲಿ ಬಿಟ್ಟವನ್ನೆಲ್ಲ ತುಂಬಿ ಎಂದು ಪ್ರತಿ ಅಣಕು ಪರೀಕ್ಷೆಗೂ ಕೂಗಿ ಹೇಳಿದವರಿಗೂ.

ತಮ್ಮ ತಪ್ಪಿನ ಪುಸ್ತಕಗಳನ್ನು ಮುಂದಿನ ತಂಡಕ್ಕೆ ಕೊಡಲು ಒಪ್ಪಿದವರಿಗೆ ವಿಶೇಷ ವಂದನೆ. ಹೆಸರಿದ್ದ ಮೊದಲ ಪುಟ ಮಾತ್ರ ತೆಗೆದಿರುತ್ತೇವೆ.