ಧ್ರುವದ ಹಿಮ, ನಮ್ಮ ಬಾವಿಯ ನೀರು

ಮಾನ್ಯ ಸಂಪಾದಕರೇ,

ಉಡುಪಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಪರಿಸರ ದಿನದ ನಿಮಿತ್ತ ನಡೆದ ರಸಪ್ರಶ್ನೆಗೆ ನಾನು ತೀರ್ಪುಗಾರನಾಗಿದ್ದೆ. ಹವಾಮಾನ ಬದಲಾವಣೆಯ ಬಗ್ಗೆ ಜನರ ಗಮನ ಸೆಳೆಯಲೆಂದು 19ನೆಯ ವಯಸ್ಸಿನಲ್ಲಿ ದಕ್ಷಿಣ ಧ್ರುವಕ್ಕೆ ಸ್ಕೀ ಮೇಲೆ ಹೋದವನು ಯಾರು ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ‘ಪಾರ್ಕರ್ ಲಿಯೊಟೊ’ ಎಂದು ಥಟ್ಟನೆ ಹೇಳಿ ಅಂಕ ಗಿಟ್ಟಿಸಿದಳು. ಆತ ಅಲ್ಲಿ ಮಾಡಿದ್ದೇನು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಲೋಪವನ್ನು ಈ ಪತ್ರದಲ್ಲಾದರೂ ತಿದ್ದಿಕೊಳ್ಳುತ್ತಿದ್ದೇನೆ.

ಲಿಯೊಟೊ 2013ರ ಡಿಸೆಂಬರಿನಲ್ಲಿ ಡಗ್ ಸ್ಟೂಪ್ ಎಂಬ ಅನುಭವಿಯೊಡನೆ ಅಂಟಾರ್ಕ್ಟಿಕದ ಅಂಚಿನಲ್ಲಿ ಕಡಲ ಮೇಲೆ ಚಾಚಿಕೊಂಡಿರುವ ರಾಸ್ ಹಿಮಚಾಚಿನಿಂದ ಹೊರಟು, ಸುಮಾರು 500 ಕಿ.ಮೀ. ದೂರವನ್ನು 18 ದಿನಗಳಿಗಿಂತ ತುಸು ಹೆಚ್ಚು ಅವಧಿಯಲ್ಲಿ ಕ್ರಮಿಸಿ, 24ರಂದು ಧ್ರುವ ಮುಟ್ಟಿದ. ಬರೀ ವೇಗದ ದಾಖಲೆಯಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹಿಂದೆಯೇ ಇಂಧನ ಸುಡುತ್ತ ವಾಹನವೊಂದು ಬರುತ್ತಿದ್ದ ಯಾತ್ರೆಯಿಂದ ಜಾಗೃತಿ ಎಷ್ಟು, ಹೊಗೆ ಎಷ್ಟು ಎಂಬ ಅನುಮಾನ ನನಗೂ ಇದೆ. ಆದರೆ ಆ ತಂಡ ವಿಜ್ಞಾನಿಗಳಿಗಾಗಿ ಹಿಮದ ಮಾದರಿಗಳನ್ನೂ ಸಂಗ್ರಹಿಸಿ ತಂದಿತು. ಹಿಮದಲ್ಲಿರುವ ಆಮ್ಲಜನಕ, ಜಲಜನಕಗಳ ಹಗುರ ಮತ್ತು ಭಾರದ ಪರಮಾಣುಗಳ ಪ್ರಮಾಣ ನೋಡಿ, ಅದು ಬಿದ್ದ ಕಾಲದ ತಾಪಮಾನವನ್ನು ಅಂದಾಜಿಸಬಹುದು. ಅಂಟಾರ್ಕ್ಟಿಕದಲ್ಲಿ ಆಳಕ್ಕೆ ಕೊರೆದು ತೆಗೆದ ಹಿಮದ ಕಂಬಗಳು ಹೀಗೆಯೇ 8 ಲಕ್ಷ ವರ್ಷಗಳ ಕಡತವಾಗಿವೆ. ಅವುಗಳಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳ ಪ್ರಕಾರ, ಆ ಇಡೀ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 300 ಭಾಗವನ್ನು ಮೀರಿರಲಿಲ್ಲ. ಈಗ 420 ದಾಟಿದೆ.

ಆತನ ಸೋಲಿನ ಕತೆ ಮಕ್ಕಳಿಗೆ ಇನ್ನೂ ಉಪಯುಕ್ತ. 2010ರಲ್ಲಿ, 15ರ ಹರೆಯದಲ್ಲಿ, ಉತ್ತರ ಧ್ರುವಕ್ಕೆ ಹೊರಟವನು ಹಿಮದ ಸ್ಥಿತಿ ಸರಿಯಿಲ್ಲದೆ ಗುರಿಯ ಸಮೀಪದಿಂದ ಹಿಂದಿರುಗಬೇಕಾಯಿತು. ಉತ್ತರ ಧ್ರುವದಲ್ಲಿ ಕಾಲಡಿಗೆ ನೆಲವಿಲ್ಲ, ಇರುವುದು ಕಡಲ ಮೇಲೆ ತೇಲುವ ಹಿಮ. ಅದು ಕರಗಿದರೆ ಕಡಲು ಉಕ್ಕುತ್ತದೆ ಎಂದು ನಮ್ಮ ಅನೇಕ ಭಾಷಣಕಾರರು ಹೇಳುವುದು ತಪ್ಪು; ತೇಲುವ ಹಿಮ ಕರಗಿದರೆ ಮಟ್ಟ ಏರುವುದಿಲ್ಲವೆನ್ನಬಹುದು, ಆದರೆ ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿ ಹೊದಿಕೆ ಹೋಗಿ, ಬಯಲಾದ ಕಪ್ಪು ನೀರು ಇನ್ನಷ್ಟು ಕಾಯುತ್ತದೆ. ಕಡಲನ್ನು ಏರಿಸುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಗಳ ನೆಲದ ಮೇಲಿನ ಹಿಮ, ಪರ್ವತಗಳ ಹಿಮನದಿಗಳು ಮತ್ತು ಕಾದು ಹಿಗ್ಗುವ ಕಡಲ ನೀರೇ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಕಡಲ ಮಟ್ಟ ಏರಿದ್ದು ಸುಮಾರು 20 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಗೇಣು.

ಈ ಗೇಣಿನಲ್ಲಿ ನಮ್ಮ ಪಾಲೆಷ್ಟು? ಉಳ್ಳಾಲ, ಸೋಮೇಶ್ವರ, ಕಾಪು, ಮರವಂತೆಗಳಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ಕಲ್ಲು ಸುರಿಯುವುದು ವಾಡಿಕೆಯಾಗಿಬಿಟ್ಟಿದೆ. ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ನದಿ ಕಡಲು ಸೇರುವ ಅಳಿವೆಗಳಲ್ಲಿ ಅಲೆ ತಡೆಯಲು ಕಟ್ಟಿದ ಬ್ರೇಕ್‌ವಾಟರ್, ನದಿಯಿಂದ ಎತ್ತಿದ ಮರಳು, ಒಂದೆಡೆ ಹಾಕಿದ ತಡೆಗೋಡೆ ಪಕ್ಕದ ದಂಡೆಗೆ ತಂದಿಡುವ ಕೊರೆತ ಇವೂ ಕಾರಣಗಳೇ. ಯಾವುದು ಎಷ್ಟು ಎಂದು ವಾದಿಸಲು ಊರವರ ಕೈಯಲ್ಲಿ ಸ್ವಂತ ಅಳತೆಯಿಲ್ಲ, ‘ನನ್ನ ಅಜ್ಜನ ಕಾಲದಲ್ಲಿ ಅಲ್ಲಿ ತೆಂಗಿನ ತೋಟವಿತ್ತು’ ಎಂಬ ಮಾತಷ್ಟೇ ಇದೆ.

ಆದುದರಿಂದ ಶಿಕ್ಷಣ ಇಲಾಖೆಗೆ ನನ್ನದೊಂದು ಮನವಿ. ಸೋಮೇಶ್ವರದಿಂದ ಬೈಂದೂರಿನವರೆಗೆ ಕಡಲಿಗೆ ಹತ್ತಿರವಿರುವ ಪ್ರೌಢಶಾಲೆಗಳು ಒಂದೊಂದು ದಾಖಲೆ ಪುಸ್ತಕ ಇಡಲಿ. ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ಭರತದಲ್ಲಿ ನೀರು ಎಲ್ಲಿಯವರೆಗೆ ಬಂತೆಂಬುದನ್ನು ಅಲುಗದ ಗುರುತೊಂದರಿಂದ, ಅಧ್ಯಾಪಕರ ಜೊತೆಯಲ್ಲಿ ಟೇಪು ಹಿಡಿದು ಅಳೆಯಲಿ. ನದಿ ದಡದ ಶಾಲೆಗಳು ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಟಿಡಿಎಸ್ ಮೀಟರಿನಿಂದ ಬಾವಿಯ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ನದಿಗೆ ಉಪ್ಪುನೀರು ನುಗ್ಗದಂತೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮತ್ತು ತೆಗೆದ ದಿನಾಂಕಗಳನ್ನೂ ಬರೆದಿಡಲಿ. ಹಲಗೆ ತಡವಾದ ವರ್ಷ ಬಾವಿ ಉಪ್ಪಾಗುವುದನ್ನು ಕುದ್ರುಗಳ (ನದಿ ನಡುವಿನ ನಡುಗಡ್ಡೆಗಳ) ಮನೆಯವರು ಬಲ್ಲರು, ಬರೆದಿಟ್ಟವರು ಕಡಿಮೆ. ಮಕ್ಕಳ ಅಳತೆ ಒರಟಾಗಿರಬಹುದು, ಆದರೆ ಹತ್ತು ವರ್ಷ ತಪ್ಪದೆ ನಡೆದರೆ ಅದಕ್ಕೆ ಬೆಲೆ ಬರುತ್ತದೆ. ತಮ್ಮ ಪತ್ರಿಕೆ ವರ್ಷಕ್ಕೊಮ್ಮೆ ಆ ಅಂಕಿಗಳಿಗೆ ಅರ್ಧ ಪುಟ ಕೊಟ್ಟರೆ ಉಪಕಾರವಾಗುತ್ತದೆ. ಇದನ್ನು ಆರಂಭಿಸಲು ಮುಂದೆ ಬರುವ ಮೊದಲ ಶಾಲೆಗೆ ಮೀಟರು, ಟೇಪಿನ ಖರ್ಚು ನನ್ನದು.

ಇಂತು,
ನಿವೃತ್ತ ಭೂಗೋಳ ಅಧ್ಯಾಪಕ, ಉಡುಪಿ