ರಥಬೀದಿಯ ಆ ಅಕ್ಕನಿಗೆ ಧನ್ಯವಾದ

ಉಡುಪಿ ರಥಬೀದಿ ಹತ್ತಿರದ ಹೊಲಿಗೆ ಅಂಗಡಿಯಲ್ಲಿ ಸಿಕ್ಕಿದ ಅಕ್ಕಾ, ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ. ಹಾಗಾಗಿ ಇಲ್ಲೇ ಧನ್ಯವಾದ ಹೇಳುತ್ತಿದ್ದೇನೆ.

ನಾನು ಮಲ್ಪೆಯ ಕಥೆಯನ್ನು ಕೌದಿಯಲ್ಲಿ ಹೊಲಿಯುತ್ತಿದ್ದೆ. ದ್ವಾರಕೆಯಿಂದ ಬಂದ ಹಡಗು ಬಿರುಗಾಳಿಗೆ ಸಿಕ್ಕಿದ್ದು, ಮಧ್ವಾಚಾರ್ಯರು ತೀರದಲ್ಲಿ ನಿಂತು ಬಟ್ಟೆ ಬೀಸಿ ಅದನ್ನು ದಡ ಸೇರಿಸಿದ್ದು, ಗೋಪಿಚಂದನದ ಗಡ್ಡೆಯೊಳಗೆ ಕೃಷ್ಣ ಇದ್ದದ್ದು, ಎಲ್ಲ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು ಅಲ್ವಾ. ಕಡಲಿಗೆ ಹಳೆಯ ನೀಲಿ ಲುಂಗಿ, ಮರಳಿಗೆ ಮಾಸಿದ ಪಂಚೆ ಇತ್ತು. ಆ ಬೀಸುವ ಬಟ್ಟೆಗೆ ಮಾತ್ರ ಅಂಗಡಿಯ ಯಾವ ಕಾವಿ ಬಣ್ಣವೂ ಒಪ್ಪಲಿಲ್ಲ. ಎಲ್ಲ ಹೊಸತು, ಗರಿಗರಿ.

ನೀವು ಚೀಲದಿಂದ ಹಳೆಯ ಉಡುಪಿ ಕೈಮಗ್ಗದ ಸೀರೆಯ ತುಂಡು ತೆಗೆದು ಕೊಟ್ಟಿರಿ. ಒಗೆದು ಒಗೆದು ಮೆತ್ತಗಾದ ಹತ್ತಿ. "ಅಮ್ಮನದ್ದು, ಹಾಕಿ ಮಾರಾಯ್ರೆ" ಅಂದಿರಿ. ಪದರಗಳು ಸರಿಯದಂತೆ ನಡುವಿನಿಂದ ಅಂಚಿನ ಕಡೆಗೆ ಕಚ್ಚಾ ಹೊಲಿಗೆ ಹಾಕುವುದನ್ನೂ ಅಲ್ಲೇ ತೋರಿಸಿದಿರಿ. ಕಡಲಿನ ಭಾಗ ಈಗ ಒಂದು ಸುಕ್ಕೂ ಇಲ್ಲದೆ ಕೂತಿದೆ.

ಅಮ್ಮನ ಸೀರೆಯನ್ನು ಗುರುತಿಲ್ಲದವರಿಗೆ ಕತ್ತರಿಸಿ ಕೊಡುವುದು ಸಣ್ಣ ಮಾತಲ್ಲ. ತುಂಬಾ ಥ್ಯಾಂಕ್ಸ್ ಅಕ್ಕಾ. ಕೌದಿ ಮುಗಿದಿದೆ, ಅದೇ ಅಂಗಡಿಯಲ್ಲಿ ಇಟ್ಟಿದ್ದೇನೆ. ಬಂದು ನೋಡಿ.